ಎಣ್ಣೆ ಹೊಡೆಯುವ ಪಂಪು: ಒಂದು ಶಾಲಾ ನಾಟಕದ ಪ್ರಕರಣ

2025ರ ಜುಲೈ. ಗೋಕಾಕ ತಾಲೂಕಿನ ಒಂದು ಹಳ್ಳಿ. ಘಟಪ್ರಭಾ ಹೊಳೆ ಹತ್ತಿರದಲ್ಲೇ ಇದೆ, ಸುತ್ತ ಕಬ್ಬು ಮತ್ತು ಗೋವಿನಜೋಳ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಮಕ್ಕಳಿಂದ ಇಪ್ಪತ್ತು ನಿಮಿಷದ ನಾಟಕ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರ ತಾಲೀಮಿನಲ್ಲಿ ನಡೆದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಊರು, ಶಾಲೆ, ಮಕ್ಕಳ ಹೆಸರು ಹೇಳುವುದಿಲ್ಲ. ಮೊದಲ ತಪ್ಪು ನನ್ನದೇ. ಅದನ್ನು ಮುಚ್ಚಿಟ್ಟರೆ ಬರೆದು ಏನು ಉಪಯೋಗ?

ಮೇ ತಿಂಗಳು

ಹಿನ್ನೆಲೆ ಸ್ವಲ್ಪ ಹೇಳಬೇಕು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಶುರುವಾಯಿತು. ಮೇ 10ಕ್ಕೆ ಕದನ ನಿಂತಿತು. ಆ ನಾಲ್ಕು ದಿನ ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಟಿವಿ ಆರಲಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ನಮ್ಮ ಕಡೆ ಮಗನನ್ನೋ ತಮ್ಮನನ್ನೋ ಸೈನ್ಯಕ್ಕೆ ಕಳಿಸಿದ ಮನೆಗಳು ಜಾಸ್ತಿ.

ಆ ದಿನಗಳಲ್ಲಿ ಸೇನೆಯ ಕಡೆಯಿಂದ ದೇಶಕ್ಕೆ ಸುದ್ದಿ ಹೇಳಲು ಬಂದವರು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಕರ್ನಲ್ ಖುರೇಷಿ ನಮ್ಮ ತಾಲೂಕಿನ ಕೊಣ್ಣೂರಿನ ಸೊಸೆ. ಆ ವಾರ ನಮ್ಮ ಮಕ್ಕಳ ಮನೆಯವರೆಲ್ಲ ಅವರ ಫೋಟೊವನ್ನೇ ಸ್ಟೇಟಸ್‌ಗೆ ಇಟ್ಟಿದ್ದರು. ಆಮೇಲೆ ಏನಾಯಿತು? ಕೊಣ್ಣೂರಿನ ಅವರ ಮನೆ ಮೇಲೆ ದಾಳಿ ಆಗಿದೆ ಅಂತ ಎಕ್ಸ್‌ನಲ್ಲಿ ಒಂದು ಸುದ್ದಿ ಹರಿದಾಡಿತು. ಅದು ಶುದ್ಧ ಸುಳ್ಳು ಎಂದು ಬೆಳಗಾವಿ ಪೊಲೀಸರು ಹೇಳಿದರು. ಅತ್ತ ಮಧ್ಯಪ್ರದೇಶದಲ್ಲಿ ಒಬ್ಬ ಮಂತ್ರಿ ಈ ಕರ್ನಲ್ ಬಗ್ಗೆ ಆಡಿದ ಮಾತಿಗೆ ಅಲ್ಲಿನ ಹೈಕೋರ್ಟ್ ತಾನಾಗಿಯೇ ಎಫ್‌ಐಆರ್ ದಾಖಲಿಸಲು ಆದೇಶ ಕೊಟ್ಟಿತು. ದೇಶದ ಪರವಾಗಿ ಮಾತಾಡಲು ನಿಂತ ಅಧಿಕಾರಿಗೇ ವೈರಿಯ ಬಂಧು ಅನ್ನುವ ಹಣೆಪಟ್ಟಿ ತಪ್ಪಲಿಲ್ಲ.

ಕೊಣ್ಣೂರಿನ ಸುದ್ದಿ ಸುಳ್ಳೇ. ಆದರೆ ಓದಿದ ಕ್ಷಣ "ಆಗಿದ್ದರೂ ಆಗಿರಬಹುದು" ಅಂತ ನನಗೆ ಅನಿಸಿತ್ತು. ಹಾಗೆ ಅನಿಸಿದ್ದೇ ನನಗೆ ಇವತ್ತಿಗೂ ನೋವು.

ಸ್ಕ್ರಿಪ್ಟು ಮತ್ತು ಪಾರ್ಟು

ನಾಟಕದ ಸ್ಕ್ರಿಪ್ಟು ಮೊಬೈಲಿನಲ್ಲಿ ಬಂದದ್ದು. ಯಾರು ಬರೆದರೋ ತಿಳಿಯದು. ಬೇರೆ ಶಾಲೆಯ ಪರಿಚಯದ ಶಿಕ್ಷಕರು ಕಳಿಸಿದ್ದರು. ನಾನು ಒಮ್ಮೆ ಕಣ್ಣಾಡಿಸಿ ಒಪ್ಪಿದೆ. ವೈರಿ ಸೈನಿಕರು ಗೋಣಿಚೀಲ ಹೊದ್ದು ತೆವಳುತ್ತಾ ಬರಬೇಕು. ಅವರಿಗೆ ಒಂದೂ ಮಾತಿಲ್ಲ, ಬರೀ ಗುರ್‌ಗುಟ್ಟಬೇಕು. ನಮ್ಮ ಮೇಜರ್ ಪಾತ್ರದವನು ಹೇಳುತ್ತಾನೆ: "ಇವರು ಮನುಷ್ಯರಲ್ಲ, ಕ್ರಿಮಿಗಳು. ಹೊಸಕಿ ಹಾಕಿ!" ಆಗ ಚಪ್ಪಾಳೆ ಬೀಳುತ್ತದೆ ಅಂತ ಸ್ಕ್ರಿಪ್ಟಿನಲ್ಲೇ ಬರೆದಿತ್ತು.

ವೈರಿ ಪಾರ್ಟಿಗೆ ಆರು ಹುಡುಗರು ಬೇಕಿತ್ತು. ಯಾರಿಗೂ ಆ ಪಾರ್ಟು ಇಷ್ಟವಿರಲಿಲ್ಲ. ನೀವೇ ಹಂಚಿಕೊಳ್ಳಿ ಅಂತ ಮಕ್ಕಳಿಗೆ ಬಿಟ್ಟೆ. ಅವರು ಕೊಟ್ಟ ಹೆಸರುಗಳನ್ನು ಬರೆದುಕೊಂಡೆ. ಎಂಟನೇ ಮತ್ತು ಒಂಬತ್ತನೇ ತರಗತಿಯಲ್ಲಿ ಸೇರಿ ಮೂವರು ಮುಸ್ಲಿಂ ಹುಡುಗರಿದ್ದಾರೆ. ಮೂವರ ಹೆಸರೂ ಆ ಪಟ್ಟಿಯಲ್ಲಿತ್ತು. ಬರೆಯುವಾಗ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಇಪ್ಪತ್ತು ವರ್ಷ ಮಕ್ಕಳ ಜೊತೆ ಕಳೆದವಳಿಗೆ ಬೀಳಬೇಕಿತ್ತು.

ಮೂರನೇ ದಿನ

ಮೂರನೇ ದಿನದ ತಾಲೀಮಿಗೆ ಒಂಬತ್ತನೇ ತರಗತಿಯ ಇಬ್ಬರು ಹುಡುಗರು ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ತಂದರು. ಹೊಲಕ್ಕೆ ಎಣ್ಣೆ, ಅಂದರೆ ಹುಳ ಕೊಲ್ಲುವ ಔಷಧಿ, ಹೊಡೆಯುವ ಪಂಪು. ನೀಲಿ ಡಬ್ಬಿ, ಒಂದು ಕಡೆ ಕೈ ಹಿಡಿಕೆ, ಉದ್ದ ಪೈಪು, ತುದಿಗೆ ಹಿತ್ತಾಳೆ ನಳಿಗೆ. ಆಗ ಗೋವಿನಜೋಳಕ್ಕೆ ಸೈನಿಕ ಹುಳು ಬಿದ್ದಿತ್ತು. ಊರಲ್ಲಿ ಎಲ್ಲರ ಬೆನ್ನ ಮೇಲೂ ಅದೇ ಪಂಪು.

"ಇದ್ಯಾಕೋ?" ಅಂತ ಕೇಳಿದೆ.

"ಕ್ರಿಮಿ ಅಂದ ಮ್ಯಾಲ ಎಣ್ಣಿ ಹೊಡಿಬೇಕಲ್ರಿ ಟೀಚರ್" ಅಂದ ಒಬ್ಬ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಡಬ್ಬಿಯಲ್ಲಿ ನೀರು ಮಾತ್ರ ಇತ್ತು. ಮೇಜರ್ ಪಾತ್ರದ ಹುಡುಗ ಹೊಸಕಿ ಹಾಕಿ ಅಂದ ಕೂಡಲೇ ಇಬ್ಬರು ಹಿಡಿಕೆ ಒತ್ತುತ್ತಾ ಗೋಣಿಚೀಲದ ಮೇಲೆ ನೀರು ಹೊಡೆದರು. ಕೆಳಗಿದ್ದ ಆರು ಹುಡುಗರು ಕೈಕಾಲು ಬಡಿದು ಹುಳದ ಹಾಗೆ ಒದ್ದಾಡಿ ಸತ್ತರು. ಚಲೋ ಬಂತು ಅಂತ ನಾನೇ ಹೇಳಿದೆ.

ಸಂಜೆ ಗಂಟೆ ಹೊಡೆದ ಮೇಲೆ ನಾನು ಸ್ಟಾಫ್ ರೂಮಿನಲ್ಲಿದ್ದೆ. ಹೊರಗೆ ನಲ್ಲಿ ಹತ್ತಿರ ಗದ್ದಲ. ಆ ಮೂವರಲ್ಲಿ ಎಲ್ಲರಿಗಿಂತ ಸಣ್ಣವನು, ಎಂಟನೇ ತರಗತಿಯವನು, ಗೋಡೆಗೆ ಒತ್ತಿ ನಿಂತಿದ್ದ. ಏಳೆಂಟು ಹುಡುಗರು ಸುತ್ತ. "ಸೈನಿಕ ಹುಳ! ಸೈನಿಕ ಹುಳ!" ಒಬ್ಬ ಅವನ ಮುಖಕ್ಕೇ ಪಂಪು ಹೊಡೆಯುತ್ತಿದ್ದ. ನಾಟಕ ಮುಗಿದು ಒಂದು ತಾಸಾಗಿತ್ತು. ಗೋಣಿಚೀಲ ಇರಲಿಲ್ಲ, ಯೂನಿಫಾರ್ಮ್ ಇತ್ತು.

ಪೈಪಿನಲ್ಲಿ ಹಳೆಯ ಔಷಧಿ ಉಳಿದಿತ್ತು ಅಂತ ಕಾಣುತ್ತದೆ. ಹುಡುಗನ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೊಳೆಸಿದೆವು. ಕಣ್ಣಿಗೆ ಏನೂ ಆಗಲಿಲ್ಲ. ಮುಂದೆ ಮೂರು ದಿನ ಹುಡುಗ ಶಾಲೆಗೆ ಬರಲಿಲ್ಲ.

ನಾಲ್ಕನೇ ದಿನ ಅವನ ತಾಯಿ ಬಂದರು. ಕಬ್ಬಿನ ಹೊಲದ ಕೆಲಸಕ್ಕೆ ಹೋಗುವವರು, ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಜಗಳ ಮಾಡಲಿಲ್ಲ. ನಾಟಕ ತಪ್ಪು ಅಂತಲೂ ಹೇಳಲಿಲ್ಲ. "ಅಕ್ಕಾರ, ನಮ್ಮ ಹುಡುಗಗ ಆ ಪಾರ್ಟ್ ಬ್ಯಾಡ್ರಿ. ಬ್ಯಾರೆ ಪಾರ್ಟ್ ಕೊಡ್ರಿ ಅಂತ ನಾ ಅನ್ನಂಗಿಲ್ಲ. ಸುಮ್ನ ಕುಂತು ನೋಡ್ಲಿ, ಅಷ್ಟ ಸಾಕು." ಅಷ್ಟು ಹೇಳಿ ಎದ್ದರು. ನನಗೆ ಮಾತೇ ಬರಲಿಲ್ಲ. ಒಬ್ಬ ತಾಯಿ ತನ್ನ ಮಗನಿಗಾಗಿ ಇಷ್ಟು ಕಡಿಮೆ ಕೇಳುವ ಹಾಗೆ ನಾವು ಮಾಡಿದ್ದೆವು.

ಆ ರಾತ್ರಿ ನೆನಪಾದದ್ದು

ನಾನು ಎರಡನೇ ಮಹಾಯುದ್ಧವನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆಶ್ವಿಟ್ಜ್‌ನ ವಿಷಾನಿಲದ ಕೋಣೆಗಳ ಬಗ್ಗೆ ಹೇಳುತ್ತೇನೆ. ಅಲ್ಲಿ ಬಳಸಿದ ಝೈಕ್ಲಾನ್-ಬಿ ಮೊದಲು ಹೇನು, ಹುಳ ಕೊಲ್ಲಲೆಂದೇ ಮಾರುತ್ತಿದ್ದ ಔಷಧಿ. ಯಹೂದಿಗಳು ಹೇನು, ಇಲಿ ಅಂತ ವರ್ಷಗಟ್ಟಲೆ ಹೇಳಿದರು, ಕೊನೆಗೆ ಹೇನಿನ ಔಷಧಿಯನ್ನೇ ಮನುಷ್ಯರ ಮೇಲೆ ಬಿಟ್ಟರು. ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೆ ಹಿತ್ತಾಳೆ ನಳಿಗೆಯ ಪಂಪು ನೋಡುವವರೆಗೆ ಅದು ನನಗೆ ನಿಜವಾಗಿ ತಿಳಿದಿರಲಿಲ್ಲ. ನಮ್ಮ ಹುಡುಗರಿಗೆ ಜರ್ಮನಿ ಗೊತ್ತಿಲ್ಲ. ಕ್ರಿಮಿ ಅಂತ ಒಂದು ಮಾತು ಕೊಟ್ಟೆವು. ಕ್ರಿಮಿಗೆ ಏನು ಮಾಡಬೇಕು ಅಂತ ರೈತರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈ ತಾನಾಗಿ ಪಂಪಿಗೆ ಹೋಯಿತು.

ರುವಾಂಡಾದಲ್ಲಿ 1994ರಲ್ಲಿ ಆರ್‌ಟಿಎಲ್‌ಎಂ ಅನ್ನುವ ರೇಡಿಯೊ ಟುಟ್ಸಿ ಜನರನ್ನು ದಿನಾ 'ಇನ್ಯೆಂಜಿ' ಅಂತ ಕರೆಯಿತು. ಅಂದರೆ ಜಿರಳೆ. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಕೊಂದವರಲ್ಲಿ ನೆರೆಮನೆಯವರೇ ಬಹಳ. ಮಂಚೂರಿಯಾದಲ್ಲಿ ಜಪಾನಿನ 731ನೇ ಘಟಕದವರು ಕೈದಿಗಳ ಮೇಲೆ ರೋಗಾಣು ಪ್ರಯೋಗ ಮಾಡುತ್ತಿದ್ದರು. ಆ ಕೈದಿಗಳಿಗೆ ಅವರು ಇಟ್ಟ ಹೆಸರು 'ಮರುತಾ', ಮರದ ದಿಮ್ಮಿ. ದಿಮ್ಮಿ ಅಂದ ಮೇಲೆ ಕುಯ್ಯಲು ಏನು ಕಷ್ಟ?

ನಲ್ಲಿ ಹತ್ತಿರ ನಡೆದದ್ದಕ್ಕೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ್ದು. ಜಪಾನಿನ ಮೇಲೆ ಯುದ್ಧ ಶುರುವಾದ ಮೇಲೆ, 1942ರಲ್ಲಿ, ಅಲ್ಲಿನ ಸರ್ಕಾರ ತನ್ನ ನೆಲದಲ್ಲೇ ಇದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1988ರಲ್ಲಿ ಆ ದೇಶ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ನಮ್ಮಲ್ಲೂ ನಡೆದಿದೆ. 1962ರ ಚೀನಾ ಯುದ್ಧದ ಹೊತ್ತಿಗೆ ಅಸ್ಸಾಂ, ಡಾರ್ಜಿಲಿಂಗ್ ಕಡೆಯಿಂದ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದರು. ಭಾರತದಲ್ಲೇ ಹುಟ್ಟಿದವರು, ಮಕ್ಕಳು, ಮುದುಕರು ಎಲ್ಲ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. ಇದನ್ನು ನಾನು ಕ್ಲಾಸಿನಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಗಡಿಯಾಚೆ ಇರುವವನನ್ನು ಹುಳ ಅಂದರೆ ಆ ಮಾತು ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ. ಲಾಹೋರಿನಲ್ಲಿ ಯಾರಿಗೂ ನಮ್ಮ ತಾಲೀಮಿನ ಮಾತು ಕೇಳಿಸಿಲ್ಲ. ಅದು ನಮ್ಮ ನಲ್ಲಿ ಹತ್ತಿರ ನಿಂತಿದ್ದ ಹದಿಮೂರು ವರ್ಷದ ಹುಡುಗನ ಕಣ್ಣಿಗೆ ಬಿತ್ತು.

ಸ್ಟಾಫ್ ರೂಮ್

ಮರುದಿನ ಹೆಡ್‌ಮಾಸ್ಟರ್‌ಗೆ ಎಲ್ಲ ಹೇಳಿದೆ. ಪಂಪು ಬೇಡ, ಉಳಿದದ್ದು ಇರಲಿ ಅಂದರು ಕೆಲವರು. ನಾಟಕವನ್ನೇ ಬಿಡೋಣ ಅಂದರು ಇನ್ನೊಬ್ಬರು. ಬಿಟ್ಟರೆ ಊರಲ್ಲಿ ಏನಂತಾರೆ, ದೇಶಭಕ್ತಿ ಬೇಡವಾಯಿತಾ ಅಂತ ಕೇಳಲ್ವಾ ಅನ್ನುವ ಹೆದರಿಕೆ ಎಲ್ಲರಿಗೂ ಇತ್ತು. ನನಗೂ ಇತ್ತು. ಕೊನೆಗೆ ಹೆಡ್‌ಮಾಸ್ಟರ್ ಒಂದು ದಾರಿ ಹೇಳಿದರು. ಕಾರ್ಯಕ್ರಮಕ್ಕೆ ಅತಿಥಿಯಾಗಿ ಕರೆದಿದ್ದ ನಮ್ಮೂರ ನಿವೃತ್ತ ಸುಬೇದಾರರನ್ನು ಮೊದಲೇ ಕರೆಸಿ ಸ್ಕ್ರಿಪ್ಟು ತೋರಿಸೋಣ. ಅವರು ಕಾರ್ಗಿಲ್‌ನಲ್ಲಿದ್ದವರು. ಅವರು ಏನಂತಾರೋ ಹಾಗೆ.

ಸುಬೇದಾರರು ಹೇಳಿದ್ದು

ಊರಲ್ಲಿ ಎಲ್ಲರೂ ಅವರಿಗೆ ಸುಬೇದಾರ ಕಾಕಾ ಅಂತಾರೆ. 1999ರಲ್ಲಿ ನಾಯಕ್ ಆಗಿ ದ್ರಾಸ್ ಕಡೆ ಇದ್ದರು. ಈಗ ಎರಡು ಎಮ್ಮೆ, ಮೂರು ಎಕರೆ ಕಬ್ಬು. ಹೆಚ್ಚು ಮಾತಿನವರಲ್ಲ. ಕನ್ನಡಕ ಹಾಕಿಕೊಂಡು ಸ್ಕ್ರಿಪ್ಟನ್ನು ನಿಧಾನವಾಗಿ ಕೊನೆಯವರೆಗೆ ಓದಿದರು.

"ಟೀಚರ್, ಇದನ್ನ ಬರದಾಂವ ಯಾರು?"

ಗೊತ್ತಿಲ್ಲ ಕಾಕಾ ಅಂದೆ.

"ಅಂವ ಗುಡ್ಡಾ ಹತ್ತಿಲ್ಲ."

ಆಮೇಲೆ ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನೆಲ್ಲ ಹಾಲಿನಲ್ಲಿ ಕೂರಿಸಿದೆವು. ಕಾಕಾ ಕುರ್ಚಿ ಬೇಡವೆಂದು ನೆಲದ ಮೇಲೆಯೇ ಕೂತರು. ಅವರು ಹೇಳಿದ್ದನ್ನು ನೆನಪಿದ್ದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಾವು ಒಂದು ಬಂಡಿಗಲ್ಲಿನ ಹಿಂದ ಇಡೀ ರಾತ್ರಿ ಬಿದ್ಕೊಂಡಿದ್ವಿ. ತಲಿ ಎತ್ತಾಕ ಬರ್ತಿರಲಿಲ್ಲ. ಮ್ಯಾಲ ಕುಂತಾಂವ ಅಷ್ಟು ಚಲೋ ಗುರಿಕಾರ. ಹಸಿವು, ಥಂಡಿ ನಮಗೆಷ್ಟಿತ್ತೋ ಅವಗೂ ಅಷ್ಟ ಇತ್ತು. ಆದ್ರೂ ಅಂವ ಜಾಗಾ ಬಿಡಲಿಲ್ಲ. ನನ್ನ ಜೋಡಿದಾರರು ಇಬ್ಬರು ಅಲ್ಲೇ ಹೋದ್ರು. ಈಗ ನೀವು ಅವನ್ನ ಹುಳ ಅಂದ್ರ, ನನ್ನ ಜೋಡಿದಾರರು ಹುಳದ ಕೈಯಾಗ ಸತ್ತಂಗಾತಲ್ಲಪಾ. ಹುಳದ ಮ್ಯಾಲ ಗೆದ್ರ ಅದಕ್ಯಾಕ ವಿಜಯ ದಿವಸ?"

ಹಾಲಿನಲ್ಲಿ ಸದ್ದಿಲ್ಲ.

"ಮ್ಯಾಲ ಹತ್ತಿದ ಮ್ಯಾಲ ಅವರ ಹೆಣಾ ಇದ್ದವು. ಅವರ ದೇಶ, ಇವರು ನಮ್ಮ ಸೈನಿಕರ ಅಲ್ಲ ಅಂತು. ಒಯ್ಯಾಕ ಬರಲಿಲ್ಲ. ಕಾಗದ ಪತ್ರ ಏನರ ಅದಾವೇನು ಅಂತ ಕಿಸೆ ನೋಡೋದು ನಮ್ಮ ಕೆಲಸ. ಒಬ್ಬನ ಕಿಸೆದಾಗ ಒಂದು ಕಡ್ಡಿ ಸಿಕ್ತು. ಬೆಂಕಿ ಕಡ್ಡಿ. ಅದಕ್ಕ ಖಾಕಿ ದಾರ ಸುತ್ತಿತ್ತು. ದಾರದಾಗ ಸೂಜಿ ಚುಚ್ಚಿತ್ತು. ಗುಂಡಿ ಹರದ್ರ ಹಚ್ಕೊಳ್ಳಾಕ." ಅವರು ತಮ್ಮ ಅಂಗಿ ಕಿಸೆ ಮುಟ್ಟಿ ತೋರಿಸಿದರು. "ನನ್ನ ಕಿಸೆದಾಗೂ ಹಂಗಾ ಒಂದು ಕಡ್ಡಿ ಇತ್ತು. ನಾನೂ ದಾರ ಹಂಗಾ ಸುತ್ತಿದ್ದೆ. ಅದನ್ನ ತಿರುಗಿ ಅವನ ಕಿಸೆದಾಗ ಇಟ್ಟೆ. ಅವರ ಪದ್ಧತಿ ಪ್ರಕಾರ ಮಣ್ಣು ಮಾಡಿದ್ವಿ."

ಪಾಕಿಸ್ತಾನ ಒಪ್ಪಿಕೊಳ್ಳದ ಸೈನಿಕರ ಹೆಣಗಳನ್ನು ನಮ್ಮ ಸೇನೆ ಕಾರ್ಗಿಲ್‌ನಲ್ಲಿ ಇಸ್ಲಾಂ ಪದ್ಧತಿಯಂತೆ ಹೂಳಿದ್ದು ಎಲ್ಲರೂ ಬಲ್ಲ ಸಂಗತಿ. 1949ರ ಜಿನೀವಾ ಒಪ್ಪಂದ ಅದನ್ನೇ ಹೇಳುತ್ತದೆ: ವೈರಿಯ ಹೆಣವನ್ನು ಮರ್ಯಾದೆಯಿಂದ, ಸಾಧ್ಯವಾದರೆ ಅವನ ಧರ್ಮದ ಪ್ರಕಾರವೇ ಮಣ್ಣು ಮಾಡಬೇಕು. ಸೆರೆ ಸಿಕ್ಕವನಿಗೆ ಹಿಂಸೆಯಷ್ಟೇ ಅಲ್ಲ, ಅವಮಾನವನ್ನೂ ಮಾಡಬಾರದು, ಜನರ ಮುಂದೆ ತಮಾಷೆಯ ವಸ್ತು ಮಾಡಬಾರದು. ಭಾರತ ಇದನ್ನು 1950ರಲ್ಲಿ ಒಪ್ಪಿತು. 1960ರಲ್ಲಿ ಸಂಸತ್ತು ಇದಕ್ಕೆಂದೇ ಒಂದು ಕಾಯ್ದೆ ಮಾಡಿತು. ಅಂದರೆ ನಮ್ಮ ಮೊಬೈಲ್ ಸ್ಕ್ರಿಪ್ಟಿನ ಮೇಜರ್ ಮಾತಾಡಿದ್ದು ನಮ್ಮ ದೇಶ ತಾನೇ ಒಪ್ಪಿ ಬರೆದುಕೊಂಡ ರೀತಿಗೆ ವಿರುದ್ಧ. ನಿಜವಾದ ಮೇಜರ್ ಹಾಗೆ ಮಾಡಿದರೆ ವಿಚಾರಣೆ ಎದುರಿಸಬೇಕಾಗುತ್ತದೆ.

ನಾನು ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿದೆ. ಟೈಗರ್ ಹಿಲ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಕೊನೆಯವರೆಗೆ ಹೋರಾಡಿ ಸತ್ತ. 'ಕರ್ನಲ್' ಅನ್ನುವುದು ಅವನ ಹೆಸರೇ, ಹುದ್ದೆ ಕ್ಯಾಪ್ಟನ್. ಅವನ ಎದುರು ಹೋರಾಡಿದ ನಮ್ಮ ಕಡೆಯ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಹೆಣ ವಾಪಸು ಕಳಿಸುವಾಗ ಅವನ ಕಿಸೆಯಲ್ಲಿ ಒಂದು ಚೀಟಿ ಇಟ್ಟರು. ಈತ ಬಹಳ ಧೈರ್ಯದಿಂದ ಹೋರಾಡಿದ, ಇವನಿಗೆ ತಕ್ಕ ಗೌರವ ಸಲ್ಲಬೇಕು ಅಂತ. ಪಾಕಿಸ್ತಾನ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಟೈಗರ್ ಹಿಲ್ ಗೆದ್ದವರು ನಾವೇ. ಆ ಚೀಟಿಯಿಂದ ಗೆಲುವು ಒಂದು ಗೇಣೂ ಕಡಿಮೆಯಾಗಲಿಲ್ಲ.

ಮಕ್ಕಳ ಪ್ರಶ್ನೆ

ಮಕ್ಕಳು ತಲೆಯಾಡಿಸಿ ಎದ್ದು ಹೋಗಲಿಲ್ಲ. ಅದು ನನಗೆ ಸಮಾಧಾನ. ಪಂಪು ತಂದ ಹುಡುಗರಲ್ಲಿ ಒಬ್ಬ ಕೈ ಎತ್ತಿದ.

"ಮತ್ತ ಸೌರಭ್ ಕಾಲಿಯಾ ಅವರಿಗೆ ಏನ್ ಮಾಡಿದ್ರಲ್ರಿ ಕಾಕಾ?"

ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಸೈನಿಕರು 1999ರ ಮೇನಲ್ಲಿ ಗಸ್ತಿಗೆ ಹೋದಾಗ ಸೆರೆ ಸಿಕ್ಕರು. ಜೂನ್‌ನಲ್ಲಿ ಅವರ ಹೆಣಗಳು ವಾಪಸು ಬಂದಾಗ ಮೈತುಂಬ ಚಿತ್ರಹಿಂಸೆಯ ಗುರುತುಗಳಿದ್ದವು. ಪಾಕಿಸ್ತಾನ ಅದನ್ನು ಒಪ್ಪಲಿಲ್ಲ. ಆ ಹುಡುಗನ ಪ್ರಶ್ನೆ ನ್ಯಾಯವಾದದ್ದು. ಅದನ್ನು ಬಿಟ್ಟು ಮರ್ಯಾದೆಯ ಮಾತಾಡಿದರೆ ನಾನು ಸುಳ್ಳು ಪಾಠ ಮಾಡಿದ ಹಾಗೆ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. "ಆ ಸುದ್ದಿ ಬಂದಾಗ ನಾವು ಊಟ ಬಿಟ್ಟಿದ್ವಿ" ಅಂದರು. "ಸಿಟ್ಟು ಇತ್ತು. ಈಗೂ ಐತಿ. ಆದ್ರ ನಮ್ಮ ಸಾಹೇಬ್ರು ಒಂದ ಮಾತು ಹೇಳಿದ್ರು. ಹೆಣಕ್ಕ ಯಾರೂ ಕೈ ಹಚ್ಚಂಗಿಲ್ಲ ಅಂತ. ಯಾಕ ಗೊತ್ತೇನು? ನಾ ಅಲ್ಲಿಂದ ತಿರುಗಿ ಇಲ್ಲಿಗೇ ಬರಾಂವ ಇದ್ದೆ. ಮದುವಿ ಆಗೂದಿತ್ತು. ಮಗಳನ್ನ ಎತ್ತಾಡಿಸೂದಿತ್ತು. ಆ ಕೈ ನನಗ ಬೇಕಾಗಿತ್ತು."

ಇದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ನಾನು ಲೆಕ್ಕದ ಮಾತು ಸೇರಿಸಿದೆ. 1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಪಾಕಿಸ್ತಾನದ ಕಡೆಯ ಸುಮಾರು 93,000 ಜನ ಶರಣಾದರು. ಅದಕ್ಕೆ ಮೊದಲು ಜನರಲ್ ಮಾಣಿಕ್ ಶಾ ರೇಡಿಯೊದಲ್ಲಿ, ಶರಣಾದರೆ ಜಿನೀವಾ ಒಪ್ಪಂದದ ಪ್ರಕಾರ ಮರ್ಯಾದೆಯಿಂದ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟಿದ್ದರು. ಹುಳಕ್ಕೆ ಯಾರಾದರೂ ಮಾತು ಕೊಡುತ್ತಾರಾ? ಕೊಟ್ಟರೆ ಅದು ನಂಬುತ್ತದಾ? ಆ ಮಾತನ್ನು ವೈರಿ ನಂಬಿದ್ದರಿಂದ ನಮ್ಮ ಎಷ್ಟೋ ಸೈನಿಕರ ಜೀವ ಉಳಿಯಿತು. 2019ರಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ ನಾವು ಕೇಳಿದ್ದೂ ಅದೇ ಜಿನೀವಾ ಒಪ್ಪಂದವನ್ನೇ. ಫೆಬ್ರುವರಿ 27ಕ್ಕೆ ಸೆರೆ, ಮಾರ್ಚ್ 1ಕ್ಕೆ ವಾಘಾ ಗಡಿಯಲ್ಲಿ ವಾಪಸು.

ಆಗ ಒಬ್ಬಳು ಹುಡುಗಿ ಕಿತ್ತೂರಿನ ಮಾತು ತೆಗೆದಳು. ನಮ್ಮ ಜಿಲ್ಲೆಯ ಮಕ್ಕಳಿಗೆ ಅದು ಬಾಯಿಪಾಠ. 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತ. ಸ್ಟೀವನ್ಸನ್, ಎಲಿಯಟ್ ಅನ್ನುವ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ರಾಣಿ ಚೆನ್ನಮ್ಮ ಅವರನ್ನು ಚೆನ್ನಾಗಿ ನೋಡಿಕೊಂಡಳು, ಇನ್ನು ಯುದ್ಧ ಇಲ್ಲ ಅನ್ನುವ ಮಾತು ನಂಬಿ ಬಿಟ್ಟು ಕಳಿಸಿದಳು. "ಬಿಟ್ಟಿದ್ದಕ್ಕ ಕಿತ್ತೂರು ಬಿತ್ತಲ್ರಿ ಟೀಚರ್!" ಅಂದ ಪಂಪಿನ ಹುಡುಗ. ಇಂಗ್ಲಿಷರು ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದರು. ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಅವನ ಮಾತಿನಲ್ಲಿ ತೂಕ ಇದೆ. ಮರ್ಯಾದೆಯಿಂದ ನಡೆದರೆ ಗೆಲುವೇ ಸಿಗುತ್ತದೆ ಅಂತ ಮಕ್ಕಳಿಗೆ ಸುಳ್ಳು ಹೇಳಲಾರೆ. ಆದರೆ ಇಬ್ಬರು ಸೆರೆಯಾಳುಗಳನ್ನು ಕಡಿದುಹಾಕಿದ್ದರೆ ಕೋಟೆ ಉಳಿಯುತ್ತಿತ್ತಾ? ಬಂದ ಫಿರಂಗಿಗಳು ಕಡಿಮೆ ಆಗುತ್ತಿದ್ದವಾ? ಮಾತಿಗೆ ತಪ್ಪಿದವರು ಇಂಗ್ಲಿಷರು. ಕಿತ್ತೂರ ಉತ್ಸವಕ್ಕೆ ಹೋದ ಯಾರೂ, ರಾಣಿ ಅವರನ್ನು ಬಿಟ್ಟದ್ದು ನಾಚಿಕೆಗೇಡು ಅಂದದ್ದನ್ನು ನಾನು ಕೇಳಿಲ್ಲ. ಇಷ್ಟು ಹೇಳಿದೆ. ಹುಡುಗ ಪೂರ್ತಿ ಒಪ್ಪಲಿಲ್ಲ. ಇರಲಿ ಬಿಡಿ.

ನಮ್ಮ ಕನ್ನಡದ ಸರ್ ಹಿಂದೆ ನಿಂತು ಕೇಳುತ್ತಿದ್ದರು. ಅವರು ಪಕ್ಕದ ಮುಧೋಳದ ರನ್ನನನ್ನು ನೆನಪು ಮಾಡಿದರು. ಸಾವಿರ ವರ್ಷದ ಹಿಂದಿನ ಕವಿ. ಗದಾಯುದ್ಧದಲ್ಲಿ ನಾಯಕ ಭೀಮ, ವೈರಿ ದುರ್ಯೋಧನ. ಆದರೆ ಎಲ್ಲ ಕಳೆದುಕೊಂಡ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವಾಗ ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ. ವೈರಿಯ ಮಗ. ಇಂಥ ಶೌರ್ಯ ಬೇರೆಯವರಿಗೆ ಆಗದ ಮಾತು, ನಿನ್ನಂಥ ಸಾವಿನಲ್ಲಿ ಒಂದು ಪಾಲಾದರೂ ನನಗೆ ಸಿಗಲಿ ಅಂತ ಕೈ ಮುಗಿಯುತ್ತಾನೆ. "ವೈರಿ ಕಡೆಯವರೊಳಗೂ ಮನುಷ್ಯ ಇದ್ದಾನೆ ಅಂತ ನಮ್ಮ ಕಡೆಯ ಕವಿ ಆಗಲೇ ಬರೆದಿದ್ದಾನ್ರಪಾ" ಅಂದರು ಸರ್.

ಜುಲೈ 26

ಐದು ದಿನದಲ್ಲಿ ನಾಟಕವನ್ನು ಮಕ್ಕಳೇ ಮತ್ತೆ ಬರೆದರು. ಯುದ್ಧ ಇತ್ತು, ಗುಂಡು ಇತ್ತು, ತಿರಂಗಾ ಇತ್ತು. ವೈರಿಗಳು ತೆವಳಲಿಲ್ಲ, ನಿಂತು ಹೋರಾಡಿದರು. ಅವರಿಗೂ ನಾಲ್ಕು ಮಾತು ಬಂತು. ಪಾರ್ಟುಗಳನ್ನು ಚೀಟಿ ಎತ್ತಿ ಹಂಚಿದೆವು. ಕೊನೆಯ ದೃಶ್ಯ ಸೂಜಿ ದಾರದ್ದು. ಬೆಂಕಿ ಕಡ್ಡಿಗೆ ದಾರ ಸುತ್ತುವುದು ಹೇಗೆ ಅಂತ ಕಾಕಾ ಕೂತು ಹೇಳಿಕೊಟ್ಟರು.

ಅವತ್ತು ಶನಿವಾರ, ಬೆಳಗಿನ ಶಾಲೆ. ಜಿಟಿಜಿಟಿ ಮಳೆ. ಹಾಲಿನಲ್ಲಿ ನೂರೈವತ್ತು ಜನ ಇದ್ದರು. ಬೆಟ್ಟ ಗೆದ್ದು ಬಾವುಟ ನೆಟ್ಟಾಗ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ನಮ್ಮ ಸೈನಿಕ ಬಗ್ಗಿ ಸತ್ತವನ ಕಿಸೆಯಿಂದ ಕಡ್ಡಿ ತೆಗೆದ, ತನ್ನ ಕಿಸೆಯಿಂದಲೂ ಒಂದು ತೆಗೆದ, ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದು ನೋಡಿದ. ಹಿಂದಿನ ಸಾಲಿಗೆ ಆ ಕಡ್ಡಿಗಳು ಕಾಣುತ್ತಿರಲಿಲ್ಲ. ಜನರಿಗೆ ಏನು ಮಾಡಬೇಕು ತಿಳಿಯಲಿಲ್ಲ, ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಕಾಕಾ ಎದ್ದು ನಿಂತರು. ಅವರನ್ನು ನೋಡಿ ಒಬ್ಬೊಬ್ಬರೇ ಎದ್ದರು. ಎಲ್ಲರೂ ಅಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಪಾಲಕರು ನನ್ನನ್ನು ತಡೆದರು. ಅವರ ತಮ್ಮ ಈಗಲೂ ಗಡಿಯಲ್ಲಿದ್ದಾನೆ. "ಅಕ್ಕಾರ, ಪಹಲ್ಗಾಮ್ ಆಗಿ ಮೂರು ತಿಂಗಳಾಗಿಲ್ಲ ಅನ್ನಂಗ ಐತಿ, ಮಕ್ಕಳಿಗೆ ಇಷ್ಟೂ ಕಿಚ್ಚು ಬ್ಯಾಡೇನ್ರಿ?" ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸಿಟ್ಟು ಬೇಡ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಸಿಟ್ಟು ಬರುವುದು ಮನುಷ್ಯನ ಮೇಲೆ. ಸೈನಿಕ ಹುಳದ ಮೇಲೆ ಯಾವ ರೈತನೂ ಸಿಟ್ಟಾಗುವುದಿಲ್ಲ, ಸುಮ್ನೆ ಎಣ್ಣೆ ಹೊಡೆಯುತ್ತಾನೆ. ಪಹಲ್ಗಾಮ್‌ನಲ್ಲಿ ಕೊಂದವರು ತಪ್ಪಿತಸ್ಥರು ಯಾಕೆ? ಅವರು ಮನುಷ್ಯರಾಗಿದ್ದು, ಕೊಲ್ಲದೆ ಇರುವ ದಾರಿ ಇದ್ದೂ ಕೊಂದದ್ದಕ್ಕೆ. ಹುಳಕ್ಕೆ ಪಾಪ ಇಲ್ಲ, ಶಿಕ್ಷೆಯೂ ಇಲ್ಲ. ಅವರನ್ನು ಹುಳ ಅಂದರೆ ಅವರ ಪಾಪವನ್ನು ನಾವೇ ಕಡಿಮೆ ಮಾಡಿದಂತೆ. ಆ ಪಾಲಕರಿಗೆ ಇದನ್ನೇ ಹೇಳಿದೆ. ಅವರು "ನೋಡೋಣ ಬಿಡ್ರಿ" ಅಂದು ಹೋದರು. ಈಗಲೂ ಎದುರು ಸಿಕ್ಕರೆ ಮಾತಾಡಿಸುತ್ತಾರೆ.

ಆಮೇಲೆ

ಪಂಪು ಹೊಡೆದ ಹುಡುಗನಿಗೆ ಶಿಕ್ಷೆ ಕೊಡಬೇಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಕ್ರಿಮಿ ಅನ್ನುವ ಮಾತನ್ನು ಅವರ ಬಾಯಿಗೆ ಕೊಟ್ಟವಳು ನಾನು. ಅವನನ್ನು ಕರೆದುಕೊಂಡು ಸಣ್ಣ ಹುಡುಗನ ಮನೆಗೆ ಹೋದೆ. ನಾನೂ ತಪ್ಪಾಯಿತು ಅಂದೆ, ಅವನೂ ಅಂದ. ಅವನ ತಾಯಿ ಚಹಾ ಕೊಟ್ಟರು. ಹುಡುಗ ಒಳಗಿನಿಂದ ಹೊರಗೆ ಬರಲಿಲ್ಲ.

ಜುಲೈ 26ರಂದು ಅವನು ಬಂದಿದ್ದ. ನಾಟಕದಲ್ಲಿ ಇರಲಿಲ್ಲ. ಮೈಕ್ ಸೆಟ್ಟಿನ ಹತ್ತಿರ ಕೂತು ಗುಂಡಿನ ಸದ್ದು ಹಾಕುವ ಕೆಲಸ ತಾನಾಗಿ ಕೇಳಿ ತೆಗೆದುಕೊಂಡಿದ್ದ. ಒಂದು ಸದ್ದೂ ತಡವಾಗಲಿಲ್ಲ. ಆಗಸ್ಟ್ 15ಕ್ಕೂ ಮೈಕ್ ಹತ್ತಿರವೇ ಇದ್ದ, ಕನ್ನಡ ರಾಜ್ಯೋತ್ಸವಕ್ಕೂ ಅಲ್ಲೇ. ಸ್ಟೇಜಿನ ಮೇಲೆ ಬಾ ಅಂತ ನಾನು ಒಂದು ಸಲ ಕೇಳಿದೆ. "ಇಲ್ಲೇ ಚಲೋ ಐತ್ರಿ ಟೀಚರ್" ಅಂದ. ಮತ್ತೆ ಕೇಳಿಲ್ಲ.